ಯಂತ್ರಕ್ಕೆ ಕಾಣದ ಲೋಟ

ಬಸ್ಸಿಳಿದ ಕೂಡಲೇ ಊರು ಮೂಗಿಗೆ ಬಡಿಯಿತು.
ಎಂ.ಜಿ. ರಸ್ತೆಯುದ್ದಕ್ಕೂ ಬೀಜ ಹುರಿಯುತ್ತಿದ್ದರು, ಪುಡಿ ಮಾಡುತ್ತಿದ್ದರು,
ಚಿಕೋರಿ ಹೆಚ್ಚಾಯಿತೆಂದು ಮುದುಕನೊಬ್ಬ
ಅಂಗಡಿಯವನೊಡನೆ ಜಗಳಕ್ಕೇ ನಿಂತಿದ್ದ.
ನಾನು ಗದಗಿನವನು, ತಕ್ಕಡಿ ರಿಪೇರಿಯವನು.
ಚೀಲದಲ್ಲಿ ಪಾನಾ, ಎಣ್ಣೆ ಡಬ್ಬಿ,
ತಳದಲ್ಲಿ ಸರ್ಕಾರದ ಮುದ್ರೆ ಬಿದ್ದ ಇಪ್ಪತ್ತು ಕಿಲೋ ಕಲ್ಲು.
ಬೆಳಗಿನಿಂದ ಚಾ ಇಲ್ಲ.

"ಚಾ ಸಿಗ್ತದೇನ್ರೀ?"
ಹನುಮಂತಪ್ಪ ವೃತ್ತದ ಹೋಟೆಲಿನ ಮಾಣಿ
ನನ್ನನ್ನು ಪಥ್ಯದವನಂತೆ ನೋಡಿದ.
"ಟೀನಾ? ಇದೆ" ಎಂದು ತಂದದ್ದು
ಬಿಸಿನೀರಿನಲ್ಲಿ ಮುಳುಗಿ, ದಾರ ಮಾತ್ರ ಹೊರಗಿದ್ದ ಪೊಟ್ಟಣ.
ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಬಿಟ್ಟವನಂತೆ
ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ.
ಬಣ್ಣ ಬಂತು.
ಚಾ ಬರಲಿಲ್ಲ.

ಲಾಡ್ಜಿನ ಪೂರ್ಣೇಶ ರಸೀದಿಯ ಹಿಂದೆ ಬರೆದುಕೊಟ್ಟ:
ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಹಿರೇಕೊಳಲೆ ಕೆರೆ,
ಹೊತ್ತು ಉಳಿದರೆ ಕಾಫಿ ಮ್ಯೂಸಿಯಂ.
"ಜೀಪಿಗೆ ಇನ್ನಿಬ್ರು ಬೇಕು ಸಾರ್, ನೀವು ಬಂದ್ರೆ ಒಬ್ರು ಸಾಕು."
ಒಳ್ಳೆ ಚಾ ಎಲ್ಲಿ ಅಂದೆ.
ಪೆನ್ನಿನಿಂದ ತಲೆ ಕೆರೆದುಕೊಂಡ.
"ಅದು ನೋಡೋ ಜಾಗ ಅಲ್ವಲ್ಲ ಸಾರ್."

ಆ ಸಂಜೆ ಒಂಬತ್ತು ಅಂಗಡಿ ಹತ್ತಿಳಿದೆ.
ಬಸವನಹಳ್ಳಿಯಲ್ಲಿ ಏಲಕ್ಕಿ ಜಾಸ್ತಿ,
ಆಜಾದ್ ಪಾರ್ಕಿನ ಹತ್ತಿರ ಹಾಲು ನೀರು,
ಮಾರ್ಕೆಟ್ಟಿನಲ್ಲಿ ಕಾಫಿ ಸೋಸಿದ ಬಟ್ಟೆಯಲ್ಲೇ ಚಾ ಸೋಸಿದ್ದರು,
ಎರಡೂ ಸೇರಿ ಮೂರನೆಯದೇ ಏನೋ ಆಗಿತ್ತು.

ಮರುದಿನ ಕ್ಯೂರಿಂಗ್ ವರ್ಕ್ಸಿನ ಗೋದಾಮು.
ಎರಡು ಟನ್ನಿನ ಯಂತ್ರ ಮೂಟೆಗೊಂದು ಕಿಲೋ ಕದಿಯುತ್ತದೆಂದು ದೂರು.
ಹಲಗೆ ಎತ್ತಿಸಿ ನೋಡಿದರೆ ಕಳ್ಳ ಯಾರೂ ಇಲ್ಲ:
ಒಂದು ಹಿಡಿ ಬೀಜ ಸಂದಿಗೆ ಸಿಕ್ಕಿ
ಇಡೀ ಭಾರಕ್ಕೆ ಹೆಗಲು ಕೊಟ್ಟಿದ್ದವು.

ನಾಲ್ಕು ಹೊಡೆದದ್ದೇ ಹಮಾಲರೆಲ್ಲ ಮಾಯ.
ಅವರ ಬೆನ್ನಿಗೇ ಹೊರಟೆ:
ಹಿಂಬಾಗಿಲು, ಮರದ ಮಿಲ್ಲು, ಟೈರಿನಂಗಡಿ,
ಕಲ್ಲು ಚಪ್ಪಡಿ ಹಾಸಿದ ಮೋರಿ,
ಆಚೆಗೆ ಐಸಮ್ಮನ ತಗಡಿನ ಮಾಡು.

ತಲೆಯ ಮೇಲಿನ ಕೈಯಿಂದ ಸೊಂಟದ ಹತ್ತಿರದ ಕೈಗೆ
ಕೆಂಪು ಹಗ್ಗವೊಂದನ್ನು ಆಕೆ ಎಳೆಯುತ್ತಿದ್ದಳು,
ತುಂಡಾಗುತ್ತಿರಲಿಲ್ಲ.
"ಶುಂಠಿ ಹಾಕ್ರಿ" ಅಂದೆ.
"ಹಾಕುದಿಲ್ಲ. ಪುಡಿ ಕೆಟ್ಟದಿದ್ದರೆ ಶುಂಠಿ" ಅಂದಳು.
ತೆಪ್ಪಗೆ ಲೋಟ ಹಿಡಿದೆ.

"ದಿನವಿಡೀ ಕಾಫಿ ಮೂಟೆ ಹೊತ್ತು ಚಾ ಕುಡೀತೀರಲ್ಲ?"
ಲೋಕಯ್ಯ ಹೆಗಲ ಗೋಣಿ ಒದರಿದ.
"ಹೊತ್ತಿದ್ದನ್ನೇ ಕುಡಿಯಕಾಗ್ತದಾ ಯಜಮಾನ್ರೇ?"
ಎಲ್ಲರೂ ನಕ್ಕರು. ನನಗೆ ನಗು ಬಂದದ್ದು
ಎರಡನೆಯ ಲೋಟಕ್ಕೆ.
ನಮ್ಮೂರಿನ ಚಾದ ಹಾಗಿರಲಿಲ್ಲ.
ಅದಕ್ಕಿಂತ ಚಲೋ ಇತ್ತೆಂದು
ಊರಿಗೆ ಹೋಗಿ ಹೇಳುವವನಲ್ಲ ನಾನು.

ಮೂರನೆಯ ದಿನ ಕಲ್ಲಿಟ್ಟೆ: ಇಪ್ಪತ್ತು. ತೆಗೆದೆ: ಸೊನ್ನೆ.
ಮ್ಯಾನೇಜರು ಸಹಿಗೆ ಪೆನ್ನು ಹುಡುಕುತ್ತಿದ್ದಾಗ
ಐಸಮ್ಮ ಕಳಿಸಿದಳೆಂದು ಲೋಕಯ್ಯ ಚಾ ತಂದ,
ಜಾಗ ಕಾಣದೆ ಹಲಗೆಯ ಮೇಲೇ ಇಟ್ಟ.
ಕಾಲು ಕಿಲೋಗಿಂತ ಕೆಳಗಿನದು ಆ ಯಂತ್ರದ ಪಾಲಿಗೆ ಇಲ್ಲ.
ಕೆಂಪು ಅಂಕಿ ಒಮ್ಮೆ ಕಣ್ಣು ಪಿಳುಕಿಸಿ
ಸೊನ್ನೆಗೇ ನಿಂತಿತು.
"ನೋಡಿ, ಲೆಕ್ಕಕ್ಕೇ ತಗೊಳ್ಳಲಿಲ್ಲ" ಎಂದ ಲೋಕಯ್ಯ.
ಯಂತ್ರ ಸರಿಯಾಗಿಯೇ ಇತ್ತು.
ಹಾಗಂತ ಬರೆದು ಮುದ್ರೆ ಒತ್ತಿದೆ.
ಆಮೇಲೆ ಲೋಟ ಎತ್ತಿಕೊಂಡೆ, ಬೆರಳು ಸುಟ್ಟಿತು.

"ಏನೇನು ನೋಡಿದ್ರಿ ಸಾರ್?" ಎಂದ ಪೂರ್ಣೇಶ ಕೀಲಿ ಈಸಿಕೊಳ್ಳುತ್ತ.
ಟೈರಿನಂಗಡಿ, ಮೋರಿ ಎಂದೆಲ್ಲ ಕೈ ಆಡಿಸಿ ಹೇಳಿದೆ.
ಹೂಂ ಹೂಂ ಅಂದ, ಫೋನು ನೋಡುತ್ತ.
ಬಸ್ಸಿನ ಕಿಟಕಿಗೆ ಗಿರಿ ಸ್ವಚ್ಛವಾಗಿ ಕಂಡಿತು,
ಒಂದು ಚೂರೂ ಮೋಡವಿಲ್ಲ.
ಜೀಪಿನವರಿಗೆ ಆ ಇನ್ನೊಬ್ಬ ಸಿಕ್ಕಿರಬಹುದು.

ಕಡೂರಿನಲ್ಲಿ ರೈಲಿಗೆ ಕಾಯುವಾಗ
ಹುಡುಗನೊಬ್ಬ ಕಾಪಿ ಕಾಪಿ ಎನ್ನುತ್ತ ಬಂದ.
ಒಂದು ಕೊಡಪ್ಪಾ ಅಂದೆ.
ಮೂರು ದಿನ ಆ ಊರಲ್ಲಿದ್ದು
ಒಂದು ಗುಟುಕೂ ಕುಡಿಯಲಿಲ್ಲವೆಂದರೆ
ಹೆಂಡತಿ ನಂಬುವುದಿಲ್ಲ.